ಒಬ್ಬನೇ ಗಿರಾಕಿಯ ಹಳೆಯ ಲೆಕ್ಕ

ಗಂಗಾವತಿ, ಮರಳಿ, ಕಾರಟಗಿ ಸೀಮೆಯ ಸೋನಾ ಮಸೂರಿ ಈಗ ಹೆಚ್ಚಾಗಿ 26 ಕಿಲೋ ಚೀಲದಲ್ಲಿ ಅಂಗಡಿಗೆ ಬರುತ್ತದೆ. ಮೊದಲು ಚೀಲ 25 ಕಿಲೋದ್ದಿತ್ತು. ಆ ಹೆಚ್ಚುವರಿ ಒಂದು ಕಿಲೋ ಗಿರಾಕಿಯ ಮೇಲಿನ ಪ್ರೀತಿಯಿಂದ ಸೇರಿದ್ದಲ್ಲ. 2022ರ ಜುಲೈ 18ರಿಂದ 25 ಕಿಲೋವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿಗೆ ಶೇ 5ರಷ್ಟು ಜಿಎಸ್‌ಟಿ ಬಿತ್ತು, ಅದಕ್ಕಿಂತ ದೊಡ್ಡ ಚೀಲಕ್ಕೆ ಬೀಳಲಿಲ್ಲ. ವ್ಯಾಪಾರಸ್ಥರು ಒಂದು ಕಿಲೋ ಕೂಡಿಸಿ ತೆರಿಗೆಯ ಗೆರೆ ದಾಟಿದರು. ಇದಕ್ಕೂ ಹಿಂದೆ, 2017ರಲ್ಲಿ ಜಿಎಸ್‌ಟಿ ಬಂದಾಗ, ತೆರಿಗೆ ಇದ್ದದ್ದು ನೋಂದಾಯಿತ ಬ್ರ್ಯಾಂಡಿನ ಹೆಸರು ಹೊತ್ತ ಅಕ್ಕಿಗೆ ಮಾತ್ರ. ಆಗ ದೇಶದ ಎಷ್ಟೋ ಮಿಲ್ಲುಗಳು ತಮ್ಮ ಬ್ರ್ಯಾಂಡಿನ ನೋಂದಣಿಯನ್ನೇ ಕೈಬಿಟ್ಟವು. ಶೇ 5ರ ಉಳಿತಾಯದ ಮುಂದೆ ಹೆಸರು ಹಗುರವಾಗಿ ಕಂಡಿತು. ತೆರಿಗೆಯ ಲೆಕ್ಕದಲ್ಲಿ ಅದು ಜಾಣತನವೇ. ಆದರೆ ಇಂದು ದೊಡ್ಡ ಆನ್‌ಲೈನ್ ಅಂಗಡಿಗಳು ಸಣ್ಣ ತಯಾರಕರ ಬಳಿ ಬಂದು ‘ಮಾಲು ನಿಮ್ಮದು, ಚೀಲ ನಮ್ಮದು’ ಎನ್ನುತ್ತಿರುವಾಗ ಈ ಹಳೆಯ ಜಾಣತನವನ್ನು ಇನ್ನೊಮ್ಮೆ ತೂಗಿ ನೋಡಬೇಕಾಗಿದೆ. ಸಣ್ಣ ಮಿಲ್ಲು, ಸಣ್ಣ ಮಗ್ಗ, ಸಣ್ಣ ಕುಶಲಕರ್ಮಿ ಇಂಥ ಗಿರಾಕಿಗೆ ಮಾಲು ಕೊಡಬೇಕೇ, ಬೇಡವೇ?

ಪ್ರಶ್ನೆ ಹೊಸದೆನಿಸುವುದು ಅದಕ್ಕೆ ಮೊಬೈಲಿನ ವೇಷವಿರುವುದರಿಂದ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗೆ ದೊಡ್ಡ ಗಿರಾಕಿ ಹೊಸಬನಲ್ಲ. ಮಗ್ಗದ ಮುಂದೆ ಅವನು ಸಾವುಕಾರನಾಗಿ ಕೂತಿದ್ದ, ಆಮೇಲೆ ನಿಗಮವಾಗಿ ಬಂದ, ಅಕ್ಕಿ ಮಿಲ್ಲಿನ ಬಾಗಿಲಿಗೆ ಲೆವಿಯ ರೂಪದಲ್ಲಿ ನಿಂತ, ಕಿನ್ನಾಳದ ಗೊಂಬೆಯವರಿಗೆ ಎಂಪೋರಿಯಂ ಆಗಿ ಕಂಡ. ಈ ನಾಲ್ಕನ್ನೂ ಒಟ್ಟಿಗಿಟ್ಟು ನೋಡಿದರೆ ಗಿರಾಕಿ ದೊಡ್ಡವನಾದದ್ದರಿಂದಲೇ ಯಾರೂ ಕೆಡಲಿಲ್ಲ ಎಂಬುದು ತಿಳಿಯುತ್ತದೆ. ಕೆಟ್ಟವರು ಅವನು ಒಬ್ಬನೇ ಆಗುವುದಕ್ಕೆ ಬಿಟ್ಟವರು.

ಮಗ್ಗದಿಂದ ತೊಡಗುವುದು ಸರಿ, ಏಕೆಂದರೆ ಅಲ್ಲಿನ ಕಥೆ ಎಲ್ಲಕ್ಕಿಂತ ಉದ್ದ. ಇಳಕಲ್ ಸೀರೆ ಎಂದು ನಾವು ಕರೆಯುವ ಸೀರೆ ಇಳಕಲ್ಲಿನಲ್ಲಷ್ಟೇ ನೇಯ್ದದ್ದಲ್ಲ. ಕುಷ್ಟಗಿ ತಾಲ್ಲೂಕಿನ ದೋಟಿಹಾಳ, ಹನುಮಸಾಗರದಂಥ ಊರುಗಳ ಮಗ್ಗಗಳೂ ಆ ಹೆಸರಿನಡಿಯೇ ದುಡಿದಿವೆ. 1956ರವರೆಗೆ ಈ ಊರುಗಳ ನಡುವೆ ರಾಜ್ಯದ ಗಡಿಯೇ ಇತ್ತು. ಇಳಕಲ್ ಮುಂಬೈ ಪ್ರಾಂತ್ಯದ ವಿಜಾಪುರ ಜಿಲ್ಲೆಯದು, ಕುಷ್ಟಗಿ ನಿಜಾಮರ ರಾಯಚೂರು ಜಿಲ್ಲೆಯದು. ನಿಜಾಮರಿಗೆ ‘ಕರೋಡಗಿರಿ’ ಎಂಬ ತಮ್ಮದೇ ಸುಂಕದ ಇಲಾಖೆ ಇತ್ತು. ಎರಡು ಸರಕಾರಗಳ ಗಡಿಯಂಚಿನಲ್ಲಿ ಕೂತ ನೇಕಾರನಿಗೆ ನೂಲು ತರುವುದೂ ಸೀರೆ ಕಳಿಸುವುದೂ ಸ್ವಂತಕ್ಕೆ ಸುಲಭವಲ್ಲ. ಅದಕ್ಕೆ ಬಂಡವಾಳ ಬೇಕು, ಪೇಟೆಯ ಪರಿಚಯ ಬೇಕು, ಮಾಲು ಮಾರುವ ತನಕ ತಾಳುವ ಶಕ್ತಿ ಬೇಕು. ಈ ಮೂರೂ ಇದ್ದವನು ಸಾವುಕಾರ. ಅವನು ಹಾಸು, ಹೊಕ್ಕು, ರೇಷ್ಮೆ ಕೊಡುತ್ತಾನೆ, ಬಣ್ಣವನ್ನೂ ದಡಿಯನ್ನೂ ಹೇಳುತ್ತಾನೆ, ನೇಯ್ದ ಸೀರೆ ಒಯ್ದು ಸೀರೆಗಿಷ್ಟು ಎಂದು ಮಜೂರಿ ಕೊಡುತ್ತಾನೆ. ಮದುವೆಗೋ ಕಾಯಿಲೆಗೋ ಮುಂಗಡ ರೊಕ್ಕವನ್ನೂ ಕೊಡುತ್ತಾನೆ. ಮುಂಗಡ ಬಾಕಿಯಾಗುತ್ತದೆ, ಬಾಕಿ ತೀರುವ ತನಕ ಬೇರೆಯವರಿಗೆ ನೇಯುವಂತಿಲ್ಲ. ನೇಕಾರ ಮನೆಯಲ್ಲೇ ಇದ್ದಾನೆ, ಮಗ್ಗವೂ ಎಷ್ಟೋ ಸಲ ಅವನದೇ. ಸೀರೆ ಮಾತ್ರ ಅವನದಲ್ಲ.

ಇದು ನಮ್ಮ ಸೀಮೆಯ ವಿಶೇಷವೇನಲ್ಲ. ಬಂಗಾಳದಲ್ಲಿ ಈಸ್ಟ್ ಇಂಡಿಯಾ ಕಂಪನಿ ಮೊದಲು ದಾದನಿ ವ್ಯಾಪಾರಿಗಳ ಮೂಲಕ ಮುಂಗಡ ಹಂಚಿ ಬಟ್ಟೆ ಕೊಳ್ಳುತ್ತಿತ್ತು. 1753ರಲ್ಲಿ ಆ ವ್ಯಾಪಾರಿಗಳನ್ನು ಬಿಟ್ಟು ತನ್ನದೇ ಗುಮಾಸ್ತರನ್ನು ನೇಕಾರರ ಮನೆಗೆ ಕಳಿಸತೊಡಗಿತು. ಮೇಲ್ನೋಟಕ್ಕೆ ನಡುವಿನ ದಲಾಲ ಹೋದ, ನೇಕಾರನಿಗೆ ಒಳ್ಳೆಯದಾಯಿತು ಎನ್ನಬೇಕು. ಆದದ್ದು ಬೇರೆ. ದಾದನಿ ವ್ಯಾಪಾರಿ ಇದ್ದಾಗ ಡಚ್ಚರಿಗೋ ಫ್ರೆಂಚರಿಗೋ ಬಟ್ಟೆ ಮಾರುವ ದಾರಿ ತೆರೆದಿತ್ತು. ಗುಮಾಸ್ತ ಬಂದ ಮೇಲೆ, ಅದರಲ್ಲೂ ಬಂಗಾಳದ ಅಧಿಕಾರ ಕಂಪನಿಯ ಕೈಸೇರಿದ ಮೇಲೆ, ಆ ದಾರಿಗಳು ಒಂದೊಂದಾಗಿ ಮುಚ್ಚಿದವು. ‘ನಡುವೆ ಯಾರೂ ಇಲ್ಲ, ನೇರ ನಿಮ್ಮಿಂದಲೇ ಕೊಳ್ಳುತ್ತೇವೆ’ ಎಂಬ ಮಾತು ಇಂದು ಕೇಳಿದಾಗ 1753 ನೆನಪಾಗುವುದು ಕುಹಕದಿಂದಲ್ಲ. ದಲಾಲ ಎಷ್ಟೇ ತಿನ್ನಲಿ, ಒಬ್ಬರಿಗಿಂತ ಹೆಚ್ಚು ದಲಾಲರಿದ್ದರೆ ಅದೂ ಒಂದು ಬಗೆಯ ಪೇಟೆಯೇ.

ಹಾಗಿದ್ದೂ ಇಳಕಲ್ ಸೀರೆ ಉಳಿಯಿತು. ಮುಂಬೈ, ಅಹಮದಾಬಾದ್ ಗಿರಣಿಗಳ ಬಟ್ಟೆ ಬಂದು ದೇಶದ ಎಷ್ಟೋ ಕೈಮಗ್ಗಗಳನ್ನು ತೆಗೆದುಹಾಕಿದ ಕಾಲದಲ್ಲಿ ಇದು ಉಳಿದದ್ದಕ್ಕೆ ಸಾವುಕಾರನ ದಯೆ ಕಾರಣವಲ್ಲ. ಸೆರಗಿನ ಹಾಸು ಬೇರೆ, ಒಡಲಿನ ಹಾಸು ಬೇರೆ. ಎರಡನ್ನೂ ಕೊಂಡಿ ಹಾಕಿ ಎಳೆಗೆ ಎಳೆ ಸೇರಿಸುವ ಕೆಲಸ ಗಿರಣಿಗೆ ಒಗ್ಗಲಿಲ್ಲ. ಅದಕ್ಕಿಂತ ದೊಡ್ಡ ಕಾರಣ ಉಟ್ಟವರು. ಉತ್ತರ ಕರ್ನಾಟಕದ, ದಕ್ಷಿಣ ಮಹಾರಾಷ್ಟ್ರದ ಹೆಂಗಸರು ಗುಳೇದಗುಡ್ಡದ ಖಣದ ಕುಪ್ಪಸದ ಮೇಲೆ ಟೋಪು ತೆನಿಯ ಸೆರಗನ್ನೇ ಬಯಸಿದರು, ಮದುವೆಗೂ ಸೀಮಂತಕ್ಕೂ ಅದನ್ನೇ ಕೇಳಿದರು. ಸಾವುಕಾರ ಬದಲಾಗಬಹುದಿತ್ತು, ಉಡುವವರು ಬದಲಾಗಲಿಲ್ಲ. ಆದರೆ ಸೀರೆ ಉಳಿದಂತೆ ನೇಕಾರ ಉಳಿಯಲಿಲ್ಲ ಎಂಬುದನ್ನೂ ಹೇಳಲೇಬೇಕು. ಸೀರೆಗೆ ಊರಿನ ಹೆಸರು ಸಿಕ್ಕಿತು, ಮುಂದೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ನೇಯ್ದವನ ಹೆಸರು ಯಾವ ಸೆರಗಿನಲ್ಲೂ ಇಲ್ಲ. ದೋಟಿಹಾಳದಲ್ಲಿ ನೇಯ್ದದ್ದೂ ಪೇಟೆಯಲ್ಲಿ ಇಳಕಲ್ಲೇ.

ಸಾವುಕಾರನಿಂದ ಬಿಡಿಸಲೆಂದು ಸರಕಾರವೇ ಗಿರಾಕಿಯಾದದ್ದು ಎರಡನೆಯ ಅಧ್ಯಾಯ. 1975ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಹುಟ್ಟಿತು. ನೂಲು ಕೊಡುವುದು, ಬಟ್ಟೆ ಮರಳಿ ಕೊಳ್ಳುವುದು, ಪ್ರಿಯದರ್ಶಿನಿ ಮಳಿಗೆಗಳಲ್ಲಿ ಮಾರುವುದು ಅದರ ಕೆಲಸ. ಮರುವರ್ಷವೇ ಕೇಂದ್ರ ಸರಕಾರ ಜನತಾ ಬಟ್ಟೆಯ ಯೋಜನೆ ತಂದಿತು: ಬಡವರಿಗೆ ಅಗ್ಗದ ಸೀರೆ, ಧೋತರ, ನೇಕಾರನಿಗೆ ವರ್ಷವಿಡೀ ಕೆಲಸ. ಎರಡೂ ಒಳ್ಳೆಯ ಉದ್ದೇಶಗಳೇ, ಮಜೂರಿ ಸಿಕ್ಕಿದ್ದೂ ನಿಜ. ಆದರೆ ಜನತಾ ಬಟ್ಟೆ ಸಾದಾ ಬಟ್ಟೆ. ಒಂದೇ ಅಳತೆ, ಒಂದೇ ದಡಿ, ವರ್ಷಗಟ್ಟಲೆ ಅದೇ. ಅದನ್ನು ನೇಯುತ್ತ ಹೋದ ಮಗ್ಗಕ್ಕೆ ಪೇಟೆಯಲ್ಲಿ ಯಾವ ಬಣ್ಣ ಓಡುತ್ತಿದೆ ಎಂದು ಕೇಳಿಕೊಳ್ಳುವ ಅಗತ್ಯವೇ ಬೀಳಲಿಲ್ಲ. 1990ರ ದಶಕದಲ್ಲಿ ಯೋಜನೆ ನಿಂತಾಗ ನೇಕಾರನ ಕೈಯಲ್ಲಿ ಮಗ್ಗವಿತ್ತು, ನೇಯುವ ಅಭ್ಯಾಸವಿತ್ತು. ಕೊಳ್ಳುವವರು ಯಾರೂ ಇರಲಿಲ್ಲ. ಆಮೇಲೆ ಶಾಲಾ ಮಕ್ಕಳ ಸಮವಸ್ತ್ರದ ಬಟ್ಟೆ ಆ ಜಾಗಕ್ಕೆ ಬಂತು. ಅದೂ ಸರಕಾರದ ಆದೇಶವನ್ನು ಕಾಯುವ ಕೆಲಸವೇ. ಇಲ್ಲಿ ಗಿರಾಕಿ ದುಷ್ಟನಾಗಿರಲಿಲ್ಲ. ಲಾಭಕ್ಕಾಗಿ ಬಂದವನೂ ಅಲ್ಲ. ಒಳ್ಳೆಯವನೊಬ್ಬನೇ ಗಿರಾಕಿಯಾದರೂ ಕೈಯ ಕಸಬು ಹೇಗೆ ಸಡಿಲವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಸಿಗುವುದು ಕಷ್ಟ.

ಈಗ ಗಂಗಾವತಿಯ ಕಡೆ ಬರೋಣ. 1945ರಲ್ಲಿ ಕೆಲಸ ಆರಂಭವಾದ ತುಂಗಭದ್ರಾ ಅಣೆಕಟ್ಟಿನ ನೀರು 1953ರ ಹೊತ್ತಿಗೆ ಕಾಲುವೆಗೆ ಬಂತು. ಆನೆಗುಂದಿ, ಗಂಗಾವತಿಯ ಹೊಳೆದಂಡೆಯಲ್ಲಿ ವಿಜಯನಗರ ಕಾಲದ ಕಾಲುವೆಗಳು ಮೊದಲೇ ಇದ್ದವು. ಎಡದಂಡೆಯ ದೊಡ್ಡ ಕಾಲುವೆ ಮಾತ್ರ ಮರಳಿ, ಕಾರಟಗಿಯಿಂದ ಸಿಂಧನೂರಿನವರೆಗಿನ ಜೋಳದ ಎರೆಹೊಲಗಳನ್ನು ಭತ್ತದ ಗದ್ದೆ ಮಾಡಿತು. ಆಂಧ್ರದಿಂದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು, ಅವರ ಹಿಂದೆ ಮಿಲ್ಲುಗಳು ಬಂದವು. 1986ರಲ್ಲಿ ಬಾಪಟ್ಲದ ಸಂಶೋಧನಾ ಕೇಂದ್ರ ಬಿಡುಗಡೆ ಮಾಡಿದ ಬಿಪಿಟಿ 5204 ಎಂಬ ಸಣ್ಣಕ್ಕಿಯ ತಳಿ ಈ ನೀರಿಗೂ ಮಣ್ಣಿಗೂ ಹೊಂದಿಕೊಂಡು ಈ ಸೀಮೆಯ ಗುರುತೇ ಆಯಿತು. ಈ ಮಿಲ್ಲುಗಳಿಗೂ ದೊಡ್ಡ ಗಿರಾಕಿಯೊಬ್ಬನಿದ್ದ. ಅವನು ಕೇಳುತ್ತಿರಲಿಲ್ಲ, ಕಾನೂನಿನಿಂದ ತೆಗೆದುಕೊಳ್ಳುತ್ತಿದ್ದ. 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ ಮಿಲ್ಲು ತಾನು ಮಾಡಿದ ಅಕ್ಕಿಯಲ್ಲಿ ಇಂತಿಷ್ಟು ಪಾಲನ್ನು ಸರಕಾರ ಗೊತ್ತುಮಾಡಿದ ದರಕ್ಕೆ ಪಡಿತರ ವ್ಯವಸ್ಥೆಗೆ ಕೊಡಬೇಕಿತ್ತು. ಅದೇ ಲೆವಿ. ಪಾಲು ರಾಜ್ಯದಿಂದ ರಾಜ್ಯಕ್ಕೆ ಬೇರೆ. ಆಂಧ್ರದಲ್ಲಿ ಒಂದು ಕಾಲಕ್ಕೆ ಮುಕ್ಕಾಲು ಪಾಲಿನಷ್ಟಿತ್ತು, ಕರ್ನಾಟಕದಲ್ಲಿ ಅದಕ್ಕಿಂತ ಬಹಳ ಕಡಿಮೆ. 2014ರಲ್ಲಿ ಕೇಂದ್ರ ಸರಕಾರ ಲೆವಿಯ ಮಿತಿಯನ್ನು ಶೇ 25ಕ್ಕೆ ಇಳಿಸಿ, 2015ರ ಅಕ್ಟೋಬರ್ 1ರಿಂದ ಪೂರ್ತಿ ತೆಗೆದುಹಾಕಿತು.

ಲೆವಿಯನ್ನು ಮಿಲ್ಲಿನವರು ಯಾವತ್ತೂ ಹೊಗಳಿದವರಲ್ಲ. ಪೇಟೆಯ ಧಾರಣೆಗಿಂತ ಅದರ ದರ ಕಡಿಮೆ, ತಪಾಸಣೆಯ ಕಿರಿಕಿರಿ ಬೇರೆ. ಆದರೂ ಜನತಾ ಬಟ್ಟೆ ಮಗ್ಗಕ್ಕೆ ಮಾಡಿದ್ದನ್ನು ಲೆವಿ ಮಿಲ್ಲಿಗೆ ಮಾಡಲಿಲ್ಲ. ಲೆವಿ ಒಂದು ಪಾಲನ್ನಷ್ಟೇ ಕೇಳುತ್ತಿತ್ತು. ಉಳಿದದ್ದನ್ನು ಮಿಲ್ಲು ಬೆಂಗಳೂರಿಗೋ ಹುಬ್ಬಳ್ಳಿಗೋ ಮುಂಬೈಗೋ ತನ್ನ ಚೀಲದಲ್ಲಿ, ತನ್ನ ಹೆಸರಿನಲ್ಲಿ, ತನ್ನ ಅಡತಿಯವರ ಮೂಲಕ ಮಾರಲೇಬೇಕಿತ್ತು. ಮಾರಲೇಬೇಕಾದ್ದರಿಂದ ಅಕ್ಕಿ ಹಳೆಯದಾಗಿರಬೇಕು, ನುಚ್ಚು ಕಡಿಮೆ ಇರಬೇಕು, ಪಾಲಿಶ್ ಹದವಾಗಿರಬೇಕು ಎಂಬ ಗಿರಾಕಿಯ ನಾಲಿಗೆಯ ಪಾಠ ಮಿಲ್ಲಿಗೆ ತಪ್ಪಲಿಲ್ಲ. ಲೆವಿ ನಿಂತ ದಿನ ಈ ಮಿಲ್ಲುಗಳು ಹೊಸದಾಗಿ ಪೇಟೆ ಹುಡುಕಬೇಕಾಗಲಿಲ್ಲ. ಜನತಾ ಯೋಜನೆ ನಿಂತ ದಿನಕ್ಕೂ ಲೆವಿ ನಿಂತ ದಿನಕ್ಕೂ ಇರುವ ಈ ಅಂತರದ ಮೇಲೆಯೇ ನನ್ನ ವಾದ ನಿಂತಿದೆ.

ಕಿನ್ನಾಳದ ಗೊಂಬೆಯದು ಚಿಕ್ಕ ಉದಾಹರಣೆ, ಆದರೆ ಬಿಡುವಂಥದಲ್ಲ. ಕೊಪ್ಪಳದಿಂದ ಹತ್ತಿರದ ಈ ಊರಿನ ಚಿತ್ರಗಾರರು ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳನ್ನು ಬರೆದವರ ವಂಶದವರು ಎಂಬ ನಂಬಿಕೆ ಹಳೆಯದು. ಹಗುರ ಮರವನ್ನು ಕೆತ್ತಿ, ಹುಣಸೆ ಬೀಜದ ಅಂಟಿನಲ್ಲಿ ಕಲೆಸಿದ ಹೊಟ್ಟನ್ನು ಮೆತ್ತಿ, ಮೇಲೆ ಬಣ್ಣ ಬರೆಯುವ ಕಲೆ ಅವರದು. ವಿಜಯನಗರ ಅಳಿಯಿತು, ಆಮೇಲಿನ ಕಾಲದಲ್ಲಿ ಕೊಪ್ಪಳ ಸಾಲಾರ್ ಜಂಗರ ಜಾಗೀರಾಯಿತು, 1964ರಲ್ಲಿ ಹುಟ್ಟಿದ ರಾಜ್ಯ ಕರಕುಶಲ ನಿಗಮದ ಕಾವೇರಿ ಎಂಪೋರಿಯಂ ಪೇಟೆಯ ಗಿರಾಕಿಯಾಗಿ ಬಂತು. ಎಂಪೋರಿಯಂ ಕೊಂಡದ್ದು ಷೋಕೇಸಿಗೆ ಹೊಂದುವ ಚಿಕ್ಕ ಗೊಂಬೆಗಳನ್ನು. ಊರಿನವರು ಕೇಳಿದ್ದು ಬೇರೆಯದನ್ನೇ: ಗ್ರಾಮದೇವತೆಯ ಮೂರ್ತಿ, ಗುಡಿಗೆ ಗರುಡ ವಾಹನ, ನಂದಿ ವಾಹನ, ಹಬ್ಬಕ್ಕೆ ಗೌರಿ. ಗ್ರಾಮದೇವತೆ ದ್ಯಾಮವ್ವನಿಗೆ ಬಣ್ಣ ಬಳಿಯುವ ಕೆಲಸಕ್ಕೆ ಬೆಂಗಳೂರಿನ ಆದೇಶ ಬೇಕಿಲ್ಲ. ಕಿನ್ನಾಳದಲ್ಲಿ ಕಲೆ ನಿಂತಿರುವುದು ಈ ಎರಡನೆಯ ಕಾಲಿನ ಮೇಲೆ. ಮೊದಲನೆಯದು ಬಂದುಹೋಗುವ ಕಾಲು.

ಇಷ್ಟು ಹಿನ್ನೆಲೆಯಿಟ್ಟುಕೊಂಡು ಆನ್‌ಲೈನ್ ಅಂಗಡಿಯನ್ನು ನೋಡಿದರೆ ಮೊದಲು ಬಿಡಿಸಬೇಕಾದ್ದು ಒಂದು ಗೊಂದಲ. ಅದರಲ್ಲಿ ಮಾರುವುದು ಬೇರೆ, ಅದಕ್ಕೆ ಮಾರುವುದು ಬೇರೆ. ಮೊದಲನೆಯದರಲ್ಲಿ ಕಂಪನಿ ಸಂತೆಯ ಜಾಗದಂತೆ. ಮಾಲೂ ಹೆಸರೂ ಬೆಲೆಯೂ ಮಾರುವವನವು, ಕಂಪನಿಗೆ ಕಮಿಷನ್. ಎರಡನೆಯದರಲ್ಲಿ ಕಂಪನಿ ಸಗಟಾಗಿ ಕೊಂಡು ತನ್ನ ಲೇಬಲ್ಲಿನಲ್ಲಿ ಮಾರುತ್ತದೆ. ವಿದೇಶಿ ಬಂಡವಾಳದ ಕಂಪನಿಗಳು ಮಾಲನ್ನು ತಾವೇ ಕೊಂಡು ಮಾರಬಾರದು, ಸಂತೆಯ ಜಾಗವಾಗಿ ಮಾತ್ರ ಇರಬೇಕು ಎಂಬ ನಿಯಮ 2016ರಲ್ಲಿ ಬಂದು 2018ರ ಕೊನೆಗೆ ಇನ್ನಷ್ಟು ಬಿಗಿಯಾಯಿತು. ಆದರೆ ಭಾರತದಲ್ಲಿ ಬೆಳೆದ, ತಯಾರಾದ ಆಹಾರಕ್ಕೆ ಈ ತಡೆಯಿಲ್ಲ. 2017ರಲ್ಲಿ ಅಮೆಜಾನ್ ಅದಕ್ಕೆ ಪರವಾನಗಿಯನ್ನೂ ಪಡೆಯಿತು. ಎಂದರೆ ಸೀರೆಯವರಿಗಿಂತ ಅಕ್ಕಿಯವರಿಗೇ ಈ ಪ್ರಶ್ನೆ ಹೆಚ್ಚು ಹತ್ತಿರದ್ದು. ಬಿಗ್‌ಬಾಸ್ಕೆಟ್‌ನ ಬಿಬಿ ರಾಯಲ್, ಅಮೆಜಾನ್‌ನ ವೇದಕ ಇಂಥ ಸ್ವಂತ ಲೇಬಲ್ಲುಗಳೇ. ಪ್ಯಾಕೆಟ್ಟಿನ ಮುಂಭಾಗದಲ್ಲಿ ಅಂಗಡಿಯ ಹೆಸರು ದೊಡ್ಡದಾಗಿ, ಹಿಂಭಾಗದಲ್ಲಿ ತಯಾರಿಸಿದವರ ಅಥವಾ ಪ್ಯಾಕ್ ಮಾಡಿದವರ ಹೆಸರು, ವಿಳಾಸ ಚಿಕ್ಕದಾಗಿ. ಅದೂ 2011ರ ಕಾನೂನುಬದ್ಧ ಮಾಪನದ ನಿಯಮ ಹೇಳುವುದರಿಂದ. ದೋಟಿಹಾಳದ ಸೀರೆ ಇಳಕಲ್ಲಾದಂತೆ ಇಲ್ಲಿ ಮಿಲ್ಲಿನ ಅಕ್ಕಿ ಅಂಗಡಿಯದಾಗುತ್ತದೆ. ಇಳಕಲ್ ಎಂಬುದು ಪಕ್ಕದ ಊರಿನ ಹೆಸರಾದರೂ ಆಗಿತ್ತು.

ಹೋಲಿಕೆಯೇ ಸರಿಯಲ್ಲ, ಸಾವುಕಾರ ಬಾಕಿಯಲ್ಲಿ ಕಟ್ಟಿಹಾಕುತ್ತಿದ್ದ, ಆನ್‌ಲೈನ್ ಕಂಪನಿಗೆ ಯಾರೂ ಸಾಲಗಾರರಲ್ಲ, ಬೇಡವಾದ ದಿನ ಬಿಟ್ಟುಬರಬಹುದು ಎಂದು ಆಕ್ಷೇಪಿಸಬಹುದು. ಕಾಗದದ ಮೇಲೆ ಇದು ನಿಜ. ಆದರೆ ದೊಡ್ಡ ಆದೇಶಕ್ಕೆಂದು ಮಿಲ್ಲು ಬ್ಯಾಂಕಿನ ಸಾಲ ತಂದು ಬಣ್ಣ ಬೇರ್ಪಡಿಸುವ ಯಂತ್ರ, ಚಿಕ್ಕ ಪ್ಯಾಕೆಟ್ಟಿನ ಯಂತ್ರ ಕೂಡಿಸಿದರೆ ಬಾಕಿ ಹುಟ್ಟಿದಂತೆಯೇ. ಸಾಲ ಬ್ಯಾಂಕಿನದು, ಅದನ್ನು ತೀರಿಸುವ ಆದೇಶ ಕಂಪನಿಯದು. ಇದರ ಮೇಲೆ ಬೆಳೆಯ ಹಂಗಾಮು ಬೇರೆ. ಆನ್‌ಲೈನ್ ಅಂಗಡಿಗೆ ಹನ್ನೆರಡು ತಿಂಗಳೂ ಒಂದೇ ಗುಣದ ಅಕ್ಕಿ ಬೇಕು. ಭತ್ತ ಬರುವುದು ವರ್ಷಕ್ಕೆ ಎರಡು ಸಲ, ಅದೂ ಅಣೆಕಟ್ಟು ತುಂಬಿದರೆ. 2023ರ ಬರದಲ್ಲಿ ಎರಡನೆಯ ಬೆಳೆಗೆ ನೀರು ಸಿಗಲಿಲ್ಲ. ಮರುವರ್ಷ ಆಗಸ್ಟಿನಲ್ಲಿ ಅಣೆಕಟ್ಟಿನ 33 ಗೇಟುಗಳಲ್ಲಿ ಒಂದು, 19ನೆಯದು, ಕೊಚ್ಚಿಹೋಗಿ ತುಂಬಿದ ನೀರು ಹರಿದುಹೋಗುವುದನ್ನು ಇಡೀ ಸೀಮೆ ಉಸಿರು ಬಿಗಿಹಿಡಿದು ನೋಡಿತು. ಹೊತ್ತಿಗೆ ಮಾಲು ಕೊಡದಿದ್ದರೆ ದಂಡ ಎಂಬ ಷರತ್ತಿಗೆ ಸಹಿ ಹಾಕುವ ಮಿಲ್ಲು ತನ್ನ ಕೈಯಲ್ಲಿಲ್ಲದ ಗೇಟಿಗೆ ಹೊಣೆ ಬರೆದುಕೊಡುತ್ತದೆ.

ಕಾನೂನಿನ ಆಸರೆ ಹಿಂದೆಂದಿಗಿಂತ ಈಗ ಹೆಚ್ಚಿದೆ ಎನ್ನುವವರ ಮಾತಿಗೆ ಅರ್ಧ ಒಪ್ಪಿಗೆಯಿದೆ. 2006ರ ಎಂಎಸ್‌ಎಂಇ ಕಾಯ್ದೆಯ ಪ್ರಕಾರ ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕು. 2023–24ರ ಲೆಕ್ಕದಿಂದ, ಆ ಗಡುವು ದಾಟಿದ ಬಾಕಿಯನ್ನು ಕೊಂಡವನು ಪಾವತಿಸುವ ತನಕ ಆದಾಯ ತೆರಿಗೆಯಲ್ಲಿ ಖರ್ಚೆಂದು ತೋರಿಸುವಂತಿಲ್ಲ. ದೋಟಿಹಾಳದ ನೇಕಾರನಿಗೆ ಇಂಥ ಕಾಯ್ದೆ ಕನಸಿನಲ್ಲೂ ಇರಲಿಲ್ಲ. ಆದರೆ ಈ ಕಾಯ್ದೆಯನ್ನು ಬಳಸಲು ದೂರು ಕೊಡಬೇಕು, ಮತ್ತು ಇರುವ ಒಬ್ಬನೇ ಗಿರಾಕಿಯ ಮೇಲೆ ಯಾರು ದೂರು ಕೊಟ್ಟಾರು? ಅಮೆಜಾನ್, ಫ್ಲಿಪ್‌ಕಾರ್ಟ್ ಕೆಲವೇ ಮಾರಾಟಗಾರರಿಗೆ ಮುಂದಿನ ಸಾಲು ಕೊಡುತ್ತವೆ ಎಂಬ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2020ರ ಜನವರಿಯಲ್ಲಿ ತನಿಖೆಗೆ ಆದೇಶಿಸಿತು. ಕರ್ನಾಟಕ ಹೈಕೋರ್ಟು ಮರುತಿಂಗಳು ಅದಕ್ಕೆ ತಡೆ ಕೊಟ್ಟು, 2021ರಲ್ಲಿ ಕಂಪನಿಗಳ ಅರ್ಜಿಗಳನ್ನು ವಜಾ ಮಾಡಿತು. ತನಿಖೆ ಶುರುವಾಗಬಹುದೇ ಎಂಬುದಕ್ಕೇ ಒಂದೂವರೆ ವರ್ಷ. ಅಷ್ಟರಲ್ಲಿ ಗಂಗಾವತಿಯಲ್ಲಿ ಮೂರು ಬೆಳೆ ಕೊಯ್ದಾಗಿರುತ್ತದೆ.

ಇದಕ್ಕಿಂತ ಬಲವಾದ ಆಕ್ಷೇಪವೊಂದಿದೆ. ಸ್ಥಳೀಯ ಗಿರಾಕಿಯನ್ನು ನಂಬಿ ಕೂರಿ ಎನ್ನುವುದು ಸುಲಭ. ಇಳಕಲ್ ಉಡುವವರು ಕಡಿಮೆಯಾಗುತ್ತಿದ್ದಾರೆ, ಪವರ್‌ಲೂಮಿನ ನಕಲು ಸೀರೆ ಅರ್ಧ ಬೆಲೆಗೆ ಸಿಗುತ್ತಿದೆ, ಕಿನ್ನಾಳದ ಗೊಂಬೆಯ ಬಗ್ಗೆ ಪುಣೆಯವರಿಗೋ ದೆಹಲಿಯವರಿಗೋ ಬೇರೆ ದಾರಿಯಿಂದ ಗೊತ್ತಾಗುವುದು ಹೇಗೆ? ಈ ಮಾತಿಗೆ ಎದುರಾಡುವುದು ಹಟಮಾರಿತನ. ದೂರದ ಗಿರಾಕಿ ಬೇಕು, ಅವನನ್ನು ತಲುಪಲು ಆನ್‌ಲೈನ್ ಸಂತೆಯಷ್ಟು ಅಗ್ಗದ ದಾರಿ ಇದುವರೆಗೆ ಬಂದಿಲ್ಲ. ರಾಜ್ಯದೊಳಗಿನ ಮಾರಾಟದ ಮಟ್ಟಿಗಾದರೂ ಸರಕಾರವೂ ದಾರಿ ಸಡಿಲಿಸಿದೆ. 2023ರ ಅಕ್ಟೋಬರಿನಿಂದ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರದ, ರಾಜ್ಯದೊಳಗೇ ಸರಕು ಮಾರುವವರು ಜಿಎಸ್‌ಟಿ ನೋಂದಣಿಯಿಲ್ಲದೆಯೂ ಆನ್‌ಲೈನ್ ಸಂತೆಯಲ್ಲಿ ಕೂರಬಹುದು. ಆದ್ದರಿಂದ ಕೂರಲಿ ಎಂದೇ ನಾನೂ ಹೇಳುತ್ತೇನೆ, ಕಿನ್ನಾಳದ ಹೆಸರಿನಲ್ಲಿ, ಮಾಡಿದವರ ಹೆಸರಿನಲ್ಲಿ. ಕಮಿಷನ್, ವಾಪಸು ಬಂದ ಮಾಲಿನ ಸಾಗಣೆ, ಮುರಿದ ಗೊಂಬೆಯ ನಷ್ಟ ಎಲ್ಲವನ್ನೂ ಬೆಲೆಯಲ್ಲಿ ಸೇರಿಸಿಕೊಂಡು ಕೂರಲಿ. ಎಂಪೋರಿಯಂ ಹೇಗೆ ಒಂದು ಕಾಲಾಗಿತ್ತೋ ಇದೂ ಒಂದು ಕಾಲು. ತಕರಾರಿರುವುದು ಲೇಬಲ್ಲನ್ನೂ ಪೂರ್ತಿ ಉತ್ಪಾದನೆಯನ್ನೂ ಒಟ್ಟಿಗೆ ಒಪ್ಪಿಸುವ ಬಗ್ಗೆ.

ಎರಡನ್ನೂ ಒಪ್ಪಿಸಿಯೇ ನಡೆಯುವ ಉದ್ದಿಮೆಯೂ ಪಕ್ಕದಲ್ಲೇ ಇದೆಯಲ್ಲ ಎನ್ನಬಹುದು. ಯಲಬುರ್ಗಾದ ಕಡೆ, ಈಗ ಕುಕನೂರು ತಾಲ್ಲೂಕಿಗೆ ಸೇರಿದ ಭಾನಾಪುರದಲ್ಲಿ, 400 ಎಕರೆಯ ಆಟಿಕೆ ಕ್ಲಸ್ಟರ್ 2020ರಲ್ಲಿ ಘೋಷಣೆಯಾಯಿತು. ಅದು ಜಗತ್ತಿನ ದೊಡ್ಡ ಬ್ರ್ಯಾಂಡುಗಳಿಗೆ ಆಟಿಕೆ ಮಾಡಿಕೊಡುವ ಕಾರ್ಖಾನೆಗಳ ಜಾಗ. ಅಲ್ಲಿ ಹೆಸರು ಬೇರೆಯವರದೆಂಬುದು ಆರಂಭದಲ್ಲೇ ಗೊತ್ತು, ಬಂಡವಾಳವೂ ಆ ಲೆಕ್ಕಕ್ಕೆ ತಕ್ಕಂತೆ ಬಂದದ್ದು. ಒಬ್ಬ ಗಿರಾಕಿ ಹೋದರೆ ಇನ್ನೊಬ್ಬನನ್ನು ತರುವ ಶಕ್ತಿ ಅಂಥ ಕಂಪನಿಗಿದೆ. ಅದನ್ನು ತೋರಿಸಿ ಮರಳಿಯ ಮಿಲ್ಲಿಗೆ ‘ಅವರು ಮಾಡುತ್ತಿಲ್ಲವೇ’ ಎನ್ನುವುದು ಎತ್ತಿನ ಗಾಡಿಗೆ ಲಾರಿಯ ಹೇರು ಹೇರಿದಂತೆ.

ಹಾಗಾದರೆ ಎಷ್ಟು ಕೊಡಬೇಕು? ಸಂಖ್ಯೆ ಬೇಕೆಂದರೆ ಲೆವಿಯ ಚರಿತ್ರೆಯಲ್ಲೇ ಇದೆ. ಮಿಲ್ಲು ಸಹಿಸಿಕೊಂಡು, ತನ್ನ ಪೇಟೆಯನ್ನೂ ಕಳೆದುಕೊಳ್ಳದೆ ಬದುಕಿದ್ದು ಕಾಲು ಪಾಲಿನಿಂದ ಮೂರರಲ್ಲೊಂದು ಪಾಲಿನವರೆಗಿನ ಹೊರೆಯಲ್ಲಿ ಎಂಬುದು ನನ್ನ ಅಂದಾಜು. ಮುಕ್ಕಾಲು ಪಾಲು ಹೋದಲ್ಲಿ ಉಳಿದ ಕಾಲು ಪಾಲಿನ ಮೇಲೆ ಯಾರೂ ಹೆಸರು ಕಟ್ಟಲಾರರು. ಲೆವಿಯ ಕಾಲದಲ್ಲಿ ಸರಕಾರದ ಪಾಲು ಕೊಟ್ಟಾದ ಮೇಲೆಯೇ ಉಳಿದ ಅಕ್ಕಿ ಮಾರಲು ಬಿಡುಗಡೆಯ ಅನುಮತಿ ಸಿಗುತ್ತಿತ್ತು. ಎಲ್ಲರೂ ಬೈದುಕೊಂಡ ಆ ಕಾಗದ ಇನ್ನೊಂದು ಕೆಲಸವನ್ನೂ ಮಾಡುತ್ತಿತ್ತು: ದೊಡ್ಡ ಗಿರಾಕಿಯ ಪಾಲು ಇಲ್ಲಿಗೆ ಮುಗಿಯಿತು, ಮುಂದಿನದು ನಿನ್ನದು ಎಂದು ಬರೆದುಕೊಡುತ್ತಿತ್ತು. ಇಂದಿನ ಖರೀದಿ ಕರಾರುಗಳಲ್ಲಿ ಅಂಥ ಗೆರೆ ತಾನಾಗಿ ಬರುವುದಿಲ್ಲ. ಮಿಲ್ಲಿನವರು ಸಹಿ ಹಾಕುವ ಮೊದಲು ತಾವೇ ಬರೆಸಿಕೊಳ್ಳಬೇಕು.